ಫೆಬ್ರವರಿ ಒಂಬತ್ತರ ಪುಟ

ದೇವಸ್ಥಾನದ ಸೇವಾ ಕೌಂಟರಿನ ಕೆಲಸ ಅಂದರೆ ರಶೀದಿ ಹರಿದು ಕೊಡುವುದು ಎಂದು ತಿಳಿದವರೇ ಹೆಚ್ಚು. ನಾನು ಸೇರಿದಾಗ ನನ್ನ ತಿಳಿವಳಿಕೆಯೂ ಅಷ್ಟೇ ಇತ್ತು. ಈಗ ರಶೀದಿಯನ್ನು ಯಂತ್ರವೇ ಹರಿಯುತ್ತದೆ, ಹಾಗಾಗಿ ಹೊಸದಾಗಿ ಸೇರಿದವರಿಗೆ ಮಾಡಲು ಕೆಲಸವೇ ಇಲ್ಲ ಅನ್ನಿಸಬಹುದು. ಮೂವತ್ತು ಚಿಲ್ಲರೆ ವರ್ಷ ಆ ಕಿಟಕಿಯ ಹಿಂದೆ ಕೂತವಳಾಗಿ ಹೇಳುತ್ತೇನೆ: ನಾನು ಅಲ್ಲಿ ನೋಡಿಕೊಂಡದ್ದು ದಿನಗಳನ್ನು. ಅದೂ ಬೇರೆಯವರ ದಿನಗಳನ್ನು.

ಮೊದಲೇ ಒಂದು ಮಾತು. ಪುಸ್ತಕಗಳು ದೇವಸ್ಥಾನದ ಕಪಾಟಿನಲ್ಲಿವೆ, ನಾನು ಮನೆಯಲ್ಲಿದ್ದೇನೆ. ಇದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನೆನಪು ಎಲ್ಲಿ ಬಹಳ ಚಂದವಾಗಿ ಬರುತ್ತದೋ ಅಲ್ಲಿ ನನಗೇ ಸಂಶಯ. ಅಂಥ ಕಡೆ ಸಂಶಯ ಉಂಟೆಂದು ಬರೆದುಬಿಡುತ್ತೇನೆ.

ನನ್ನ ಪಾಲಿಗೆ ಬಂದದ್ದು ಶಾಶ್ವತ ಪೂಜೆಯ ಪುಸ್ತಕ. ಭಕ್ತರು ಒಮ್ಮೆ ಕಟ್ಟಿದರೆ, ಅವರು ಹೇಳಿದ ದಿನ ಪ್ರತಿವರ್ಷ ಅವರು ಹೇಳಿದ ಹೆಸರಿನಲ್ಲಿ ಪೂಜೆ. ಅವರು ಬಂದರೂ ಸರಿ, ಬಾರದಿದ್ದರೂ ಸರಿ. ದಿನಕ್ಕೊಂದು ಪುಟ. ಪುಟದಲ್ಲಿ ಐದು ಕಾಲಂ: ಕಟ್ಟಿದವರು, ಊರು, ಯಾರ ಹೆಸರಿನಲ್ಲಿ ಪೂಜೆ, ನಕ್ಷತ್ರ, ಕೊನೆಗೆ ‘ವಿಶೇಷ’. ಆ ಕೊನೆಯ ಕಾಲಮಿನಲ್ಲಿ ಜನ್ಮದಿನ, ವಿವಾಹದ ದಿನ, ಪುಣ್ಯತಿಥಿ, ಈ ಮೂರರಲ್ಲೊಂದು ಬರೆಯಬೇಕು. ಪೂಜೆಗೆ ಹದಿನೈದು ದಿನ ಇರುವಾಗ ಅವರ ಮನೆಗೆ ಒಂದು ಕಾರ್ಡು ಹಾಕಬೇಕು. ಕೆಲಸ ಇಷ್ಟೇ. ಒಂದೇ ಪುಟದಲ್ಲಿ ಸುಳ್ಯದ ಕಡೆಯ ಮಗುವಿನ ಹುಟ್ಟುಹಬ್ಬ, ಅದರ ಕೆಳಗೆ ಕಡಬದ ಅಜ್ಜಿಯ ಪುಣ್ಯತಿಥಿ, ಅದರ ಕೆಳಗೆ ಪೇಟೆಯ ಯಾರದ್ದೋ ಮದುವೆಯ ದಿನ. ಒಬ್ಬರಿಗೊಬ್ಬರು ಏನೂ ಅಲ್ಲದವರು ಒಂದು ತಾರೀಕಿನಲ್ಲಿ ನೆರೆಕರೆಯವರಾಗಿರುತ್ತಿದ್ದರು.

ಕೆಲಸ ಕಲಿಸಿದ್ದು ಮ್ಯಾನೇಜರ್ ವೆಂಕಪ್ಪಯ್ಯನವರು. ಮೊದಲ ದಿನವೇ ಹೇಳಿದ್ದರು: “ಪುಸ್ತಕದಲ್ಲಿ ಯಾರ ಹೆಸರನ್ನೂ ಗೀಟು ಎಳೆದು ಹೊಡೀಬಾರ್ದು. ತಪ್ಪಾದರೆ ಮೇಲೊಂದು ಚೀಟಿ ಅಂಟಿಸು.”

“ಕಟ್ಟಿದವರು ತೀರಿಕೊಂಡರೆ?”

“ಶಾಶ್ವತ ಅಂದರೆ ಎಂತ ಅಂತ ನಿನಗೆ ಗೊತ್ತಾಗ್ಲಿಲ್ಲ ಸುಮತಿ.”

ಕಚೇರಿ ದೇವಸ್ಥಾನದ ಅಂಗಳದ ಒಳಗೇ ಇದ್ದುದರಿಂದ ತಿಂಗಳಿಗೆ ಮೂರು ದಿನ ನಾನು ಹೋಗುವ ಹಾಗಿರಲಿಲ್ಲ. ಆ ಮೂರು ದಿನದ ಕೆಲಸ ಬಾಕಿಯಾಗಿ ನಾನು ಒದ್ದಾಡುವುದನ್ನು ನೋಡಿ ವೆಂಕಪ್ಪಯ್ಯನವರು ಒಮ್ಮೆ ಪುಸ್ತಕವನ್ನೇ ಮನೆಗೆ ಕಳಿಸಿಕೊಟ್ಟರು. ಅರ್ಚಕರಾದ ಶಂಭು ಭಟ್ಟರು ಹುಬ್ಬು ಗಂಟಿಕ್ಕಿದರಂತೆ. “ದೇವರಿಗೆ ಮೈಲಿಗೆ ಆಗುದು ಇರಬಹುದು ಭಟ್ರೆ, ಕಾಗದಕ್ಕೆ ಆಗುದಿಲ್ಲ” ಎಂದು ಇವರು ಹೇಳಿದರಂತೆ. ಇದನ್ನು ನಾನು ಕೇಳಿಲ್ಲ, ನನಗೆ ಹೇಳಿದವರು ಹೇಳಿದ್ದು. ಪುಸ್ತಕ ಮನೆಗೆ ಬಂದದ್ದು ಮಾತ್ರ ಖಂಡಿತ.

ನನ್ನ ಮೊದಲ ದೊಡ್ಡ ತಪ್ಪು ಆ ಮನೆಯ ಕೆಲಸದಲ್ಲೇ ಆಯಿತು. ಎಲ್ಲರೂ ದಿನವನ್ನು ಇಂಗ್ಲಿಷ್ ತಾರೀಕಿನಲ್ಲಿ ಕೊಡುವುದಿಲ್ಲ. ಕೆಲವರು ತಿಥಿಯಲ್ಲಿ ಕೊಡುತ್ತಾರೆ, ಕೆಲವರು ತುಳು ತಿಂಗಳ ಲೆಕ್ಕದಲ್ಲಿ. ಅವನ್ನೆಲ್ಲ ಪ್ರತಿವರ್ಷ ಪಂಚಾಂಗ ಇಟ್ಟುಕೊಂಡು ತಾರೀಕಿಗೆ ಇಳಿಸಬೇಕು. ಒಂದು ವರ್ಷ ಅಧಿಕ ಮಾಸ ಬಂದಿತ್ತು. ನಾನು ಗಮನಿಸದೆ, ಮೊದಲು ಕಂಡ ತಿಂಗಳಿಗೇ ಎಲ್ಲವನ್ನೂ ಇಳಿಸಿ ಕಾರ್ಡು ಹಾಕಿಬಿಟ್ಟೆ. ಸುಳ್ಯದ ಆಚೆಯಿಂದ ಒಂದು ಕುಟುಂಬ ತಾಯಿಯ ಪುಣ್ಯತಿಥಿಗೆಂದು ಜೀಪು ಮಾಡಿಕೊಂಡು ಬಂದೇ ಬಂತು. ಶಂಭು ಭಟ್ಟರು ಪಂಚಾಂಗ ನೋಡಿ, ದಿನ ಮುಂದಿನ ತಿಂಗಳು ಎಂದರು. ಆ ಮನೆಯ ಯಜಮಾನರು ನನ್ನ ಕಿಟಕಿಗೆ ಬಂದು ತಲೆ ಬಗ್ಗಿಸಿ ನೋಡಿದರು.

“ತಪ್ಪಾಯಿತು” ಎಂದೆ.

“ಅಡ್ಡಿ ಇಲ್ಲ. ನಮ್ಮಮ್ಮ ಯಾವಾಗಲೂ ಹಾಗೆ. ಹತ್ತು ಗಂಟೆಯ ಬಸ್ಸಿಗೆ ಎಂಟು ಗಂಟೆಗೆ ಹೊರಟು ನಿಲ್ತಿದ್ರು.”

ವೆಂಕಪ್ಪಯ್ಯನವರು ಅಂದೂ ಪೂಜೆ ಮಾಡಿಸಿದರು, ಮುಂದಿನ ತಿಂಗಳೂ ಮಾಡಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ ಹೊಸ ಪಂಚಾಂಗವಿತ್ತು. ಅಧಿಕ ಮಾಸದ ಹಾಳೆಗಳ ಅಂಚಿಗೆ ಕುಂಕುಮ ಹಚ್ಚಿದ್ದರು.

ಇಪ್ಪತ್ತೊಂಬತ್ತನೇ ಫೆಬ್ರವರಿಗೂ ಒಂದು ಪುಟವಿತ್ತು, ಅದರಲ್ಲಿ ಒಂದೇ ಹೆಸರು. ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರ ಮದುವೆಯ ದಿನ. “ಉಳಿದ ವರ್ಷ ಇಪ್ಪತ್ತೆಂಟಕ್ಕೆ ಮಾಡಿಸುದಾ?” ಎಂದು ಕೇಳಿದೆ.

“ಬೇಡ ಮಾರಾಯ್ರೆ, ನಾಲ್ಕು ವರ್ಷಕ್ಕೊಮ್ಮೆ ನೆನಪಾದರೆ ಸಾಕು.”

ಹಿಂದೆ ನಿಂತಿದ್ದ ಅವರ ಹೆಂಡತಿ ಹೇಳಿದರು, “ಇವರಿಗೆ ಅದೂ ಹೆಚ್ಚಾಯಿತು.”

ಇಂಥವು ಎಷ್ಟೋ ಉಂಟು. ಆದರೆ ನಾನು ಬರೆಯಲು ಕೂತದ್ದು ಬೇರೆ ಪುಟದ ವಿಷಯ. ಫೆಬ್ರವರಿ ಒಂಬತ್ತು.

ಆ ಪುಟದಲ್ಲಿ ಮೊದಲಿಗೆ ಇದ್ದದ್ದು ಎರಡು ಹೆಸರು. ಒಬ್ಬರು ರಾಮಕುಂಜದ ಸುಬ್ರಾಯ ಮಾಸ್ಟ್ರು. ಶಾಲೆಯಿಂದ ನಿವೃತ್ತರಾದರೂ ಮಾತು ನಿವೃತ್ತವಾಗದವರು. ಅವರ ತಾಯಿಯ ಪುಣ್ಯತಿಥಿ. ಇನ್ನೊಬ್ಬರು ನೆಲ್ಯಾಡಿಯ ದಾಮೋದರಣ್ಣ. ಅವರ ತಂದೆಯ ಕಾಲಕ್ಕೆ ರಬ್ಬರು ಹಾಕಲಿಕ್ಕೆಂದು ಕೇರಳದಿಂದ ಬಂದ ಕುಟುಂಬ. ಅವರದ್ದೂ ಹೆಂಡತಿ ಶೋಭನಾರದ್ದೂ ಮದುವೆಯ ದಿನ. ಪೂಜೆ ಮುಗಿದು ಊಟಕ್ಕೆ ಕೂರುವಾಗ ಇಬ್ಬರೂ ಪಕ್ಕಪಕ್ಕದ ಎಲೆಗೆ ಬರುತ್ತಿದ್ದರು.

“ನೀವು ಮಾಲೆ ಹಾಕಿಕೊಂಡ ದಿನ ನನ್ನ ಅಮ್ಮ ಕಣ್ಣು ಮುಚ್ಚಿದ್ದು. ನಿಮ್ಮ ಎದುರು ಅಳಲಿಕ್ಕೂ ಆಗುದಿಲ್ಲ ನನಗೆ” ಎಂದು ಮಾಸ್ಟ್ರು ಹೇಳುವುದು.

“ನಗಲಿಕ್ಕೆ ನಮಗೂ ಆಗುದಿಲ್ಲ ಮಾಷೆ. ಪಾಯಸ ಆದರೂ ಒಟ್ಟಿಗೆ ಉಣ್ಣುವ” ಎಂದು ದಾಮೋದರಣ್ಣ ಹೇಳುವುದು. ಪ್ರತಿವರ್ಷ ಇದೇ ಮಾತು. ಮಾತು ತಪ್ಪಿದರೆ ಊಟ ಸೇರದು ಅನ್ನುವ ಹಾಗೆ.

ಮೂರನೆಯವರು ವಾರಿಜಕ್ಕ. ಅವರು ಮೊದಲ ಸಲ ಬಂದದ್ದು ಒಂದು ಮಧ್ಯಾಹ್ನ, ಕೌಂಟರ್ ಮುಚ್ಚುವ ಹೊತ್ತಿಗೆ, ಕುಂಬ್ರದಿಂದ. ಬೀಡಿ ಕಟ್ಟುತ್ತಿದ್ದರು. ಬೆರಳಲ್ಲಿ ಹೊಗೆಸೊಪ್ಪಿನ ಬಣ್ಣ ಕೂತಿತ್ತು.

“ಶಾಶ್ವತ ಪೂಜೆ ಬರೆಸುದು ಇಲ್ಲಿಯಾ?”

“ಹೌದು. ಯಾರ ಹೆಸರಿನಲ್ಲಿ?”

“ನಮ್ಮವರ ಹೆಸರಿನಲ್ಲಿ.”

“ಹೆಸರು ಎಂತ?”

ಅವರು ನಕ್ಕು, ಚೀಲದಿಂದ ರೇಷನ್ ಕಾರ್ಡು ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಆಗ ಧಾರಾಳ ಇದ್ದರು. ಕಾರ್ಡಿನಲ್ಲಿ ಸುಂದರ ಎಂದಿತ್ತು.

“ದಿನ?”

“ಫೆಬ್ರವರಿ ಒಂಬತ್ತು.”

“ಹುಟ್ಟಿದ ದಿನವಾ?”

“ಅಲ್ಲ. ಅವರು ಹುಟ್ಟಿದ್ದು ಆಟಿ ತಿಂಗಳಲ್ಲಿ, ಜೋರು ಮಳೆಗೆ.”

“ಮದುವೆಯದ್ದಾ?”

“ಅಲ್ಲ.”

ನಾನು ಸ್ವರ ತಗ್ಗಿಸಿದೆ. “ತೀರಿಕೊಂಡದ್ದಾ?”

“ಅದು ನನಗೆ ಹೇಗೆ ಗೊತ್ತಾಗುದು ಅಕ್ಕಾ?”

ಸುಂದರ ಬಾವಿ ತೋಡುವ ಕೆಲಸದವರು. ಎರಡು ವರ್ಷದ ಹಿಂದೆ ಫೆಬ್ರವರಿ ಒಂಬತ್ತರ ಬೆಳಿಗ್ಗೆ, ಸುಳ್ಯದ ಕಡೆ ಒಂದು ಜಾಗ ನೋಡಿ ಬರುತ್ತೇನೆ ಎಂದು ಬಸ್ಸು ಹತ್ತಿದ್ದರು. ಆ ಜಾಗಕ್ಕೆ ಅವರು ಹೋಗಲೇ ಇಲ್ಲ. ಮನೆಗೂ ಬರಲಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಜೋಯಿಸರಲ್ಲಿ ಪ್ರಶ್ನೆ ಕೇಳಿಸಿದ್ದಾಯಿತು. ಒಬ್ಬರು ಘಟ್ಟದ ಮೇಲೆ ಕಂಡೆವು ಎಂದರು, ಇನ್ನೊಬ್ಬರು ಕಾಸರಗೋಡಿನಲ್ಲಿ ಎಂದರು. ಯಾವುದೂ ಹೌದಾಗಲಿಲ್ಲ. ಮನೆಯಲ್ಲಿ ಸಣ್ಣ ಮಗಳಿದ್ದಳು. ವಾರಿಜಕ್ಕನ ಕೊರಳಿನಲ್ಲಿ ಕರಿಮಣಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಅವೆರಡನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಊರು ಅವರ ಬೆನ್ನ ಹಿಂದೆ ತೀರ್ಮಾನಿಸಲು ಹೊರಟಿತ್ತು.

“ಅವರು ಮನೆಯಿಂದ ಇಳಿದ ದಿನ. ಅದು ಒಂದು ನನಗೆ ಸರಿಯಾಗಿ ಗೊತ್ತುಂಟು” ಎಂದರು.

ಒಳಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ವೆಂಕಪ್ಪಯ್ಯನವರು ಎದ್ದು ಬಂದರು. “ಆ ಕಾಲಂ ಖಾಲಿ ಬಿಡು ಸುಮತಿ.”

“ಭಟ್ರು ಕೇಳಿದರೆ?”

“ಭಟ್ರಿಗೆ ನಾನು ಹೇಳ್ತೇನೆ.”

ಭಟ್ಟರು ಕೇಳಿಯೇ ಕೇಳಿದರು. ಬದುಕಿದ್ದವರಿಗೆ ಆಯುಷ್ಯ ಬೇಡಬೇಕು, ಇಲ್ಲದವರಿಗೆ ಸದ್ಗತಿ. ಇವರಿಗೆ ಎಂತ ಹೇಳುದು? ವೆಂಕಪ್ಪಯ್ಯನವರು, ಹೆಸರು ಹೇಳಿ, ಉಳಿದದ್ದನ್ನು ದೇವರಿಗೆ ಬಿಡಿ ಎಂದರು. ಅಂದಿನಿಂದ ಪ್ರತಿವರ್ಷ ಫೆಬ್ರವರಿ ಒಂಬತ್ತರಂದು ಭಟ್ಟರು ‘ಸುಂದರ’ ಎಂದು ಹೇಳಿ ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ಆ ಮೌನದಲ್ಲಿ ಗಂಟೆಯ ಗುಂಯ್ ಶಬ್ದ ಕೇಳುತ್ತಿತ್ತು. ಇದು ನನ್ನ ನೆನಪು. ಬಹಳ ಚಂದ ಇದೆ ಎಂದೇ ಸಂಶಯ ಬಂದು, ಇದನ್ನು ಬರೆಯುವ ಮೊದಲು ಭಟ್ಟರಿಗೆ ಫೋನು ಮಾಡಿದೆ. ಅವರಿಗೆ ಈಗ ಕಿವಿ ಮಂದ, ಸ್ವರ ದೊಡ್ಡದು.

“ಎಂತ ಸುಮ್ಮನಾಗುದು? ಸಂಕಲ್ಪದ ನಡುವೆ ಸುಮ್ಮನಾಗ್ಲಿಕ್ಕುಂಟಾ? ನಾನು ಕ್ಷೇಮ ಸ್ಥೈರ್ಯ ಧೈರ್ಯ ಅಂತ ಹೇಳ್ತಿದ್ದೆ. ಅವಳ ಹೆಸರಿಗೆ. ಅದು ಬೇಕಾದ್ದು ಅವಳಿಗಲ್ವಾ?”

ಹಾಗಾಗಿ ನನ್ನ ಮೌನವನ್ನು ಹೊಡೆಯುತ್ತೇನೆ. ಭಟ್ಟರದ್ದೇ ಇರಲಿ.

ಆಮೇಲೆ ದೇವಸ್ಥಾನ ಅಚ್ಚು ಹಾಕಿದ ಕಾರ್ಡು ಮಾಡಿಸಿತು. ‘ಜನ್ಮದಿನ / ವಿವಾಹದ ದಿನ / ಪುಣ್ಯತಿಥಿಯ ಪ್ರಯುಕ್ತ’ ಎಂದು ಅದರಲ್ಲೇ ಇರುತ್ತಿತ್ತು, ಬೇಡದ್ದನ್ನು ಹೊಡೆಯಬೇಕು. ವಾರಿಜಕ್ಕನ ಕಾರ್ಡಿನಲ್ಲಿ ನಾನು ಮೂರನ್ನೂ ಹೊಡೆಯುತ್ತಿದ್ದೆ. ಅವರು ಆ ಕಾರ್ಡುಗಳನ್ನೆಲ್ಲ ಕೂಡಿಟ್ಟಿದ್ದರಂತೆ. ಒಮ್ಮೆ ಊಟದ ಎಲೆಯ ಮುಂದೆ ಕೂತು ಹೇಳಿದರು: “ವೋಟರ್ ಲಿಸ್ಟಿನಿಂದ ಇವರ ಹೆಸರು ತೆಗೆದರು. ರೇಷನ್ ಕಾರ್ಡಿನಿಂದ ತೆಗೆದರು. ಇನ್ನು ಇರುದು ನಿಮ್ಮ ಪುಸ್ತಕದಲ್ಲಿ ಮಾತ್ರ.”

“ನಮ್ಮ ಪುಟದಿಂದ ಯಾರನ್ನೂ ತೆಗೀಲಿಕ್ಕಿಲ್ಲ” ಎಂದರು ಮಾಸ್ಟ್ರು. ನಮ್ಮ ಪುಟ ಎಂದು ಅವರು ಹೇಳಿದ್ದು ನನಗೆ ಖುಷಿಯಾಗಿತ್ತು. ವರ್ಷಕ್ಕೊಂದು ಸಲ ಕಾಣುವ ನಾಲ್ಕು ಮಂದಿ. ದಾಮೋದರಣ್ಣನ ಹೆಂಡತಿ ಶೋಭನಾ ಪ್ರತಿವರ್ಷ ವಾರಿಜಕ್ಕನ ಮಗಳಿಗೆಂದು ಏನಾದರೂ ಕಟ್ಟಿಕೊಂಡು ಬರುತ್ತಿದ್ದರು. ಒಂದು ವರ್ಷ ಹಲಸಿನ ಹಪ್ಪಳ, ಒಂದು ವರ್ಷ ಕಾಲುಗೆಜ್ಜೆ.

ವೆಂಕಪ್ಪಯ್ಯನವರು ನಿವೃತ್ತರಾದರು, ಕೆಲವು ವರ್ಷಕ್ಕೆ ತೀರಿಕೊಂಡರು. ಘಟ್ಟದ ಮೇಲಿನ ಊರಿನವರೊಬ್ಬರು ಆಫೀಸರಾಗಿ ಬಂದರು. ಒಳ್ಳೆಯವರು, ಅವಸರದವರು. ಬಂದ ಮೂರನೇ ತಿಂಗಳಿಗೆ ಕಂಪ್ಯೂಟರ್ ಬಂತು.

“ಪುಸ್ತಕ ಎಲ್ಲಾ ಇದರೊಳಗೆ ಹೋಗ್ಬೇಕು ಸುಮತಿಯವರೇ. ಇನ್ಮೇಲೆ ಕಾರ್ಡಿಲ್ಲ, ಮೊಬೈಲಿಗೇ ಮೆಸೇಜು.”

ಅದರಲ್ಲಿ ‘ಪೂಜೆಯ ಉದ್ದೇಶ’ ಎಂಬಲ್ಲಿ ಒತ್ತಿದರೆ ಮೂರು ಆಯ್ಕೆ ಇಳಿಯುತ್ತಿತ್ತು. ಒಂದನ್ನು ಆರಿಸದೆ ಮುಂದಕ್ಕೆ ಬಿಡುತ್ತಿರಲಿಲ್ಲ. ತೊಂದರೆ ಏನೆಂದರೆ, ಹಳೆಯ ಪುಸ್ತಕದಲ್ಲಿ ಆ ಕಾಲಂ ಖಾಲಿ ಬಿಟ್ಟ ಹೆಸರುಗಳು ಬೇಕಾದಷ್ಟಿದ್ದವು. ನನಗಿಂತ ಮೊದಲಿದ್ದವರು ಉದಾಸೀನದಿಂದ ಬಿಟ್ಟದ್ದು. ಅವರಲ್ಲಿ ಹೆಚ್ಚಿನವರು ಈಗ ಬದುಕಿರಲಿಕ್ಕಿಲ್ಲ. ಆಫೀಸರನ್ನು ಕೇಳಿದೆ. ಖಾಲಿ ಇರುವುದಕ್ಕೆಲ್ಲ ಪುಣ್ಯತಿಥಿ ಅಂತ ಹಾಕಿ ಎಂದರು. ಹಾಕುತ್ತಾ ಹೋದೆ.

ಇಲ್ಲಿ ನನ್ನ ನೆನಪು ಒಂದು ಆಟ ಆಡುತ್ತದೆ. ಫೆಬ್ರವರಿಯ ಪುಟಗಳನ್ನು ಟೈಪು ಮಾಡಿದ್ದು ಹದಿನೈದು ದಿನಕ್ಕೆಂದು ಬಂದಿದ್ದ ಆಪರೇಟರ್ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಅವನ ನೀಲಿ ಅಂಗಿ ಸಮೇತ. ಆದರೆ ಯಾರು ಯಾವ ಹೆಸರು ಸೇರಿಸಿದರೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿ ಇದ್ದದ್ದು ನನ್ನ ಹೆಸರು. ಖಾಲಿ ಬಿಡಬೇಕೆಂದೇ ಖಾಲಿ ಬಿಟ್ಟದ್ದು ಆ ಪುಸ್ತಕದಲ್ಲಿ ಒಂದೇ ಒಂದು ಇತ್ತು, ಅದನ್ನು ಬಿಟ್ಟವಳೂ ನಾನೇ. ಉದಾಸೀನದಿಂದ ಬಿಟ್ಟ ಜಾಗವೂ ಯೋಚಿಸಿ ಬಿಟ್ಟ ಜಾಗವೂ ನೋಡಲು ಒಂದೇ ಥರ. ನೂರಾರು ಖಾಲಿಗಳ ನಡುವೆ ನಾನು ಅದನ್ನು ಗುರುತಿಸಲಿಲ್ಲ. ಹೊಸಬರು ಈ ಕಥನದಿಂದ ಕಲಿಯುವುದೇನಾದರೂ ಇದ್ದರೆ ಇದನ್ನು ಕಲಿಯಿರಿ: ಬೇಕೆಂದೇ ಖಾಲಿ ಬಿಟ್ಟರೆ ಪಕ್ಕದಲ್ಲಿ ಕಾರಣ ಬರೆದಿಡಿ.

ಜನವರಿ ಕೊನೆಗೆ ಮೆಸೇಜು ಹೋಯಿತು. ‘ದಿ. ಸುಂದರ ಇವರ ಪುಣ್ಯತಿಥಿಯ ಪ್ರಯುಕ್ತ ಫೆಬ್ರವರಿ 9ರಂದು ಪೂಜೆ ನಡೆಯಲಿದೆ.’

ವಾರಿಜಕ್ಕನಲ್ಲಿ ಫೋನು ಇರಲಿಲ್ಲ. ಕುಂಬ್ರದ ಪೇಟೆಯ ದಿನಸಿ ಅಂಗಡಿಯ ಬಾಬಣ್ಣನ ನಂಬರು ಕೊಟ್ಟಿದ್ದರು. ಬಾಬಣ್ಣ ಬೆಳಿಗ್ಗೆ ಅಂಗಡಿ ತುಂಬ ಜನ ಇರುವಾಗ ಅದನ್ನು ದೊಡ್ಡದಾಗಿ ಓದಿದ. ಕೆಟ್ಟ ಮನಸ್ಸಿನಿಂದ ಅಲ್ಲ, ಅವನು ಪೇಪರನ್ನೂ ಹಾಗೆಯೇ ಓದುವವನು.

ಮರುದಿನ ಕೌಂಟರ್ ತೆರೆಯುವ ಮೊದಲೇ ವಾರಿಜಕ್ಕ ಕಿಟಕಿಯ ಹೊರಗೆ ನಿಂತಿದ್ದರು. ಹಣೆಯಲ್ಲಿ ಕುಂಕುಮ ಇತ್ತು. ನಾನು ಬಾಗಿಲು ಸರಿಸುತ್ತಲೇ ಎರಡೂ ಕೈ ಕಿಟಕಿಯೊಳಗೆ ಇಟ್ಟರು.

“ಸುದ್ದಿ ಬಂತಾ ಅಕ್ಕಾ? ಎಲ್ಲಿ ಸಿಕ್ಕಿದ್ದು?”

ನನಗೆ ಅರ್ಥವಾಗಲಿಲ್ಲ.

“ಅವರು. ಎಲ್ಲಿ ಸಿಕ್ಕಿದ್ದು? ನಿಮಗೆ ಯಾರು ಹೇಳಿದ್ದು? ಮಣ್ಣು ಮಾಡಿದ್ದಾ ಸುಟ್ಟದ್ದಾ? ನಾನು ರಾತ್ರಿ ಎಲ್ಲ ಯೋಚನೆ ಮಾಡಿದೆ, ದೇವಸ್ಥಾನಕ್ಕೆ ಗೊತ್ತಾಗಿದೆ ಅಂದರೆ ಎಲ್ಲಿಂದಾದರೂ ಬಂದೇ ಬಂದಿರ್ತದೆ ಸುದ್ದಿ.”

ಅವರು ಬೈಯಲು ಬಂದಿದ್ದರೆ ಸುಲಭವಿತ್ತು. ಅವರು ನನ್ನನ್ನು ನಂಬಿ ಬಂದಿದ್ದರು. ಹೊರಗೆ ಬಂದು ಅವರನ್ನು ಜಗಲಿಯಲ್ಲಿ ಕೂರಿಸಿ ಹೇಳಿದೆ. ಸುದ್ದಿ ಎಂತದ್ದೂ ಬಂದಿಲ್ಲ. ಯಾರೂ ಹೇಳಿಲ್ಲ. ಕಂಪ್ಯೂಟರಿಗೆ ಹಾಕುವಾಗ ನಾನು ಮಾಡಿದ ತಪ್ಪು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಹಾಗಾದರೆ ಇಲ್ಲ? ಎಂತದ್ದೂ ಇಲ್ಲ?”

“ಇಲ್ಲ.”

ಕೈಯಿಂದ ಮುಖ ಒರೆಸಿಕೊಂಡರು. “ಸದ್ಯ” ಎಂದರು. ಸ್ವಲ್ಪ ಹೊತ್ತಿಗೆ, “ಛೆ” ಎಂದರು. ಎರಡೂ ಒಂದೇ ಸ್ವರದಲ್ಲಿ ಬಂದವು. ಯಾವುದು ಯಾವುದಕ್ಕೆಂದು ನಾನು ಕೇಳಲಿಲ್ಲ.

ಆದರೆ ಕುಂಬ್ರದಲ್ಲಿ ಆಗಬೇಕಾದ್ದು ಆಗಿಬಿಟ್ಟಿತ್ತು. ಗೃಹಪ್ರವೇಶಕ್ಕೆ ಕರೆಯಲು ಬಂದವರು ಕುಂಕುಮದ ಬಟ್ಟಲನ್ನು ಇವರ ಮುಂದೆ ಹಿಡಿಯದೆ ಹೋದರಂತೆ. ನಾದಿನಿ ಬಂದು, ಇನ್ನು ಮೇಲೆ ಕರಿಮಣಿ ಬೇಡ, ದೇವಸ್ಥಾನದವರೇ ಹೇಳಿದ್ದಾರಲ್ಲ ಎಂದಳಂತೆ. ಮಗಳ ಮದುವೆ ಏಪ್ರಿಲ್‌ನಲ್ಲಿ ಎಂದು ನಿಶ್ಚಯವಾಗಿತ್ತು.

“ಯಾವ ಫೋನಿಗೆ ಆ ಮೆಸೇಜು ಬಂತೋ ಅದೇ ಫೋನಿಗೆ ಇನ್ನೊಂದು ಕಳಿಸಿ ಅಕ್ಕಾ. ದೇವಸ್ಥಾನದಿಂದಲೇ ಬರ್ಬೇಕು. ನಾನು ಹೇಳಿದರೆ ಯಾರು ಕೇಳ್ತಾರೆ?”

ಆಫೀಸರ ಹತ್ತಿರ ಹೋದೆ. ಅವರು ಎಲ್ಲ ಕೇಳಿ ನೊಂದುಕೊಂಡರು, ಆದರೆ ಕೈ ಆಡಿಸಿದರು. “ದೇವಸ್ಥಾನದ ಹೆಸರಲ್ಲಿ ತಪ್ಪೊಪ್ಪಿಗೆ ಕಳ್ಸೋಕೆ ಆಗುತ್ತೇನ್ರೀ? ಸಮಿತಿಗೆ ಏನಂತ ಹೇಳ್ಲಿ? ಸುಮ್ನೆ ಅದನ್ನ ಜನ್ಮದಿನ ಅಂತ ಬದಲಾಯಿಸ್ಬಿಡಿ.”

ವಾರಿಜಕ್ಕನಿಗೆ ಹೇಳಿದೆ. 

“ಅವರು ಆಟಿಯಲ್ಲಿ ಹುಟ್ಟಿದವರು. ದೇವರ ಹತ್ತಿರ ಸುಳ್ಳು ಹೇಳ್ಲಿಕ್ಕುಂಟಾ?” ಎಂದು ಎದ್ದು ಹೋದರು. ಒಂಬತ್ತನೇ ತಾರೀಕಿಗೆ ಬರುತ್ತಾರೋ ಇಲ್ಲವೋ ಗೊತ್ತಾಗಲಿಲ್ಲ.

ಬಂದರು. ಮಾಸ್ಟ್ರೂ ಬಂದರು, ದಾಮೋದರಣ್ಣ ಶೋಭನಾರೂ ಬಂದರು. ಪೂಜೆ ಆಯಿತು. ಊಟಕ್ಕೆ ಕೂತಾಗ ನಾನೇ ಅವರಿಗೆ ನನ್ನ ತಪ್ಪನ್ನು ಹೇಳಿದೆ. ಮಾಸ್ಟ್ರು ಬಾಳೆಲೆಯ ಮುಂದಿನಿಂದ ಎದ್ದರು.

“ಎಲ್ಲಿ ನಿಮ್ಮ ಆಫೀಸರು?”

ನಾಲ್ವರೂ ಆಫೀಸರ ಕೋಣೆಯಲ್ಲಿ ಹೋಗಿ ನಿಂತರು. ನಾನು ಬಾಗಿಲಲ್ಲಿದ್ದೆ.

“ಸಾರ್, ನನ್ನ ಅಮ್ಮ ತೀರಿಕೊಂಡದ್ದು ನನಗೆ ಗೊತ್ತುಂಟು, ಬರೆಸಿದೆ. ಗೊತ್ತಿಲ್ಲದ್ದನ್ನು ನೀವು ಹೇಗೆ ಬರೆದಿರಿ?” ಎಂದರು ಮಾಸ್ಟ್ರು. ಶಾಲೆಯಲ್ಲಿ ಉತ್ತರಪತ್ರಿಕೆ ಹಿಡಿದು ಕೇಳುವ ಸ್ವರ.

“ಬೇಕಾದರೆ ನಮ್ಮ ಮದುವೆಗೆ ಪುಣ್ಯತಿಥಿ ಅಂತ ಹಾಕಿ ಸಾರ್, ಅಡ್ಡಿ ಇಲ್ಲ” ಎಂದರು ದಾಮೋದರಣ್ಣ. “ಇವರದ್ದು ಒಂದು ಸರಿ ಮಾಡಿ.”

ಶೋಭನಾ ಗಂಡನ ತೋಳಿಗೆ ತಿವಿದರು. “ಎಂತ ಮಾತು ಅದು, ಒಳ್ಳೆ ದಿವಸ!”

ಆಫೀಸರಿಗೆ ನಗು ಬಂತು, ತಡೆದುಕೊಂಡರು. ಕಂಪ್ಯೂಟರ್ ಮಾಡಿಕೊಟ್ಟವರಿಗೆ ಅಲ್ಲಿಂದಲೇ ಫೋನು ಮಾಡಿದರು. ನಾಲ್ಕನೆಯ ಆಯ್ಕೆ ಒಂದನ್ನು ಸೇರಿಸಬಹುದು, ಹೆಸರು ಹೇಳಿ ಎಂದು ಆ ಕಡೆಯಿಂದ ಬಂತು.

“ಇತರೆ ಅಂತ ಹಾಕೋಣ” ಎಂದರು ಆಫೀಸರ್.

“ಇತರೆ ಅಂದರೆ?” ವಾರಿಜಕ್ಕ ಕೇಳಿದರು.

“ಬೇರೆ ಏನೋ ಅಂತಮ್ಮ.”

“ಬೇರೆ ಏನೋ ಅಲ್ಲ. ಅವರು ಮನೆಯಿಂದ ಇಳಿದ ದಿನ ಅದು.” ಸ್ವಲ್ಪ ಯೋಚಿಸಿ, “ದಿನ ಅಂತ ಹಾಕಿ. ಅಷ್ಟು ಸಾಕು” ಎಂದರು.

ಮಾಸ್ಟ್ರು ಒಂದು ಸಂಸ್ಕೃತ ಶಬ್ದ ಹುಡುಕುತ್ತಿದ್ದರು, ಕೈಬಿಟ್ಟರು.

ಆ ನಾಲ್ಕನೆಯದು ಈಗಲೂ ಅಲ್ಲಿದೆ. ನಾನು ನಿವೃತ್ತಳಾಗುವಷ್ಟರಲ್ಲಿ ಅದನ್ನು ಆರಿಸಿದವರು ಎಷ್ಟೋ ಮಂದಿ. ಒಬ್ಬರು ಕುಡಿಯುವುದನ್ನು ಬಿಟ್ಟ ದಿನ. ಒಬ್ಬಳು ತಾಯಿ, ಹೆಸರಿಡುವ ಮೊದಲೇ ಹೋದ ಮಗುವಿಗೆ. ಇಬ್ಬರು ಅಣ್ಣ ತಮ್ಮ, ಬಸ್ಸು ಉರುಳಿದರೂ ತಮಗೆ ಏನೂ ಆಗದ ದಿನ. ಹೆಚ್ಚಿನವರು ಯಾಕೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಪಟ್ಟಿಯಲ್ಲಿ ಜಾಗ ಇಲ್ಲದ ದಿನಗಳು ಜನರಲ್ಲಿ ಇಷ್ಟು ಇವೆ ಎಂದು ಅಷ್ಟು ವರ್ಷ ಕೂತರೂ ನನಗೆ ಹೊಳೆದಿರಲಿಲ್ಲ.

ಮೆಸೇಜಿನ ವಿಷಯ ಉಳಿದಿತ್ತು.

“ತಪ್ಪು ನನ್ನದು ಸಾರ್, ನನ್ನ ಹೆಸರು ಹಾಕಿಯೇ ಕಳಿಸ್ತೇನೆ” ಎಂದೆ.

ಆಫೀಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತುಂಬ ಹೊತ್ತು ಕೂತರು ಎಂದು ನನಗೆ ನೆನಪು. ಅಷ್ಟು ಹೊತ್ತು ಇರಲಾರದು, ಪಂಕ್ತಿಯಲ್ಲಿ ಸಾರು ಬಡಿಸುವ ಸದ್ದು ಆಗಲೇ ಕೇಳುತ್ತಿತ್ತು.

“ನಿಮ್ಮ ಹೆಸರು ಬೇಡ. ದೇವಸ್ಥಾನ ಅಂತಲೇ ಹಾಕಿ. ಸಮಿತಿಯವರು ಕೇಳಿದ್ರೆ ನಾನು ಮಾತಾಡ್ತೀನಿ. ಏನು ಬರೀತೀರಿ?”

ಬರೆದು ತೋರಿಸಿದೆ. ಅವರು ಒಂದು ಶಬ್ದವನ್ನೂ ತಿದ್ದಲಿಲ್ಲ. ಎಲ್ಲರ ಎದುರು ಕಳಿಸಿದೆ.

ಊಟ ಮಾಡಿ ವಾರಿಜಕ್ಕನ ಜೊತೆ ನಾನೂ ಬಸ್ಸು ಹತ್ತಿದೆ. ಒಬ್ಬರೇ ಹೋಗಿ ಆ ಅಂಗಡಿಯ ಎದುರು ನಿಲ್ಲುವುದು ಬೇಡ ಎಂದು. ದಾರಿಯಲ್ಲಿ ಅವರು ಮಾತಾಡಿದ್ದು ಮಗಳ ಮದುವೆಯ ಸೀರೆಯ ಬಣ್ಣದ ಬಗ್ಗೆ ಮಾತ್ರ.

ಬಾಬಣ್ಣನ ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ನಮ್ಮನ್ನು ಕಂಡು ಅವನು ತೂಕದ ಕಲ್ಲನ್ನು ಕೆಳಗಿಟ್ಟ. ದೇವಸ್ಥಾನದ ಮೆಸೇಜು ಬಂದದ್ದು ಅವನಿಗೆ ಗೊತ್ತಿತ್ತು, ಹೆದರಿ ತೆರೆದಿರಲಿಲ್ಲ.

“ಓದು ಬಾಬಣ್ಣ” ಎಂದರು ವಾರಿಜಕ್ಕ.

“ನೀವೇ ನೋಡಿ ವಾರಿಜಕ್ಕ. ಮೊನ್ನೆ ಓದಿದ್ದೇ ಸಾಕಾಯಿತು ನನಗೆ.”

“ಮೊನ್ನೆ ಓದಿದವನು ನೀನೇ ಅಲ್ವಾ? ಇವತ್ತೂ ನೀನೇ ಓದು.”

ಅವನು ಕೈ ಒರೆಸಿಕೊಂಡು ಫೋನು ತೆಗೆದ.

“ಕ್ಷಮಿಸಿ. ಸುಂದರ ಇವರ ವಿಷಯದಲ್ಲಿ ಮೊದಲು ಕಳಿಸಿದ ಸಂದೇಶ ತಪ್ಪು. ಇವರ ಬಗ್ಗೆ ದೇವಸ್ಥಾನಕ್ಕೆ ಯಾವ ಸುದ್ದಿಯೂ ಬಂದಿಲ್ಲ.”

ವಾರಿಜಕ್ಕ ಅಂಗಡಿಯ ಕಟ್ಟೆಯ ಮೇಲೆ ಕೂತು, ಸೆರಗನ್ನು ಕೊರಳಿನಿಂದ ಸರಿಸಿ, ಕರಿಮಣಿ ಎಲ್ಲರಿಗೂ ಕಾಣುವ ಹಾಗೆ ಹೊರಗೆ ಹಾಕಿಕೊಂಡರು.

“ಇನ್ನೊಮ್ಮೆ ಓದು. ಸ್ವಲ್ಪ ದೊಡ್ಡದಾಗಿ.”

ಅವನು ಪೇಪರು ಓದುವ ಸ್ವರದಲ್ಲಿ ಓದಿದ. ರಸ್ತೆಯ ಆಚೆ ಹೊಲಿಗೆ ಅಂಗಡಿಯಲ್ಲಿದ್ದ ವಾರಿಜಕ್ಕನ ನಾದಿನಿ, ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದು ಕೇಳಿಸಿಕೊಂಡಳು.